ಮನೆ ಮಗಳಿಗೆ ಪಗಾರ ಹೆಚ್ಚುವುದಿಲ್ಲ

ಹೋದ ಭಾನುವಾರ ಬೆಳಿಗ್ಗೆ ರೇಣುಕಾ ನಮ್ಮ ಮನೆಗೆ ಬಂದಳು. ಕೈಯಲ್ಲಿ ಬಾಳೆಹಣ್ಣು, ಮೊಳ ಮಲ್ಲಿಗೆ. ಸೆರಗು ಸರಿಮಾಡಿಕೊಂಡು, ‘ಅಕ್ಕಾರ, ಗುರುವಾರ ನಮ್ಮ ಕೂಡ ಹಿರ್ಯಾರಾಗಿ ಬರಬೇಕ್ರಿ’ ಎಂದಳು.

ಮಗಳಿಗೆ ಗಂಡು ಗೊತ್ತಾಯಿತು ಅಂದುಕೊಂಡೆ. ‘ಯಾವೂರ ಬೀಗರು?’ ಎಂದೆ.

‘ಬೀಗರಲ್ರಿ. ನಮ್ಮ ಅಂಗಡಿ ಸಾವ್ಕಾರ್ರ ಹತ್ರ. ಪಗಾರ ಹೆಚ್ಚ ಮಾಡ್ರಿ ಅಂತ ನೀವೊಂದ್ ಮಾತ ಹೇಳಬೇಕು.’

ನಮ್ಮ ಕಡೆ ಎಲ್ಲದಕ್ಕೂ ಹಿರಿಯರು ಬೇಕು. ಹೆಣ್ಣು ನೋಡಲು, ಎತ್ತು ಕೊಳ್ಳಲು, ಅಣ್ಣ ತಮ್ಮಂದಿರ ನಡುವೆ ಗೋಡೆ ಎಬ್ಬಿಸಲು. ಈಗ ಪಗಾರಕ್ಕೂ! (ನಾಳೆ ಅರ್ಧ ದಿನದ ರಜೆಗೂ ಪಂಚಾಯಿತಿ ಕೂರಿಸುತ್ತಾರೆ, ನೋಡುತ್ತಿರಿ.)

ಅವಳು ನನ್ನನ್ನು ಕರೆಯಲು ಕಾರಣವಿದೆ. ನಾನು ಯಲಬುರ್ಗಾ ಸಂತೆಯಲ್ಲಿ ಅವ್ವನ ಪಕ್ಕ ಕೂತು ಉಳ್ಳಾಗಡ್ಡಿ ಮಾರುತ್ತಾ ಚೌಕಾಸಿ ಕಲಿತವಳು. ಈಗ ಗಂಗಾವತಿಯಲ್ಲಿ ಖಡಕ್ ರೊಟ್ಟಿ ಮಾಡಿಸಿ ಮಾರುತ್ತೇನೆ. ನಾಲ್ಕು ಜನಕ್ಕೆ ಪಗಾರ ಕೊಡುವವಳೂ ಹೌದು. ಗಲ್ಲಾಪೆಟ್ಟಿಗೆಯ ಎರಡೂ ಬದಿ ಗೊತ್ತು.

ರೇಣುಕಾ ನಮ್ಮ ಓಣಿಯವಳು. ದೊಡ್ಡ ಬಟ್ಟೆ ಅಂಗಡಿಯೊಂದರಲ್ಲಿ ಏಳು ವರ್ಷದಿಂದ ಸೀರೆ ತೋರಿಸುತ್ತಾಳೆ. ಆ ಪಗಾರ ಸಾಲದೆ, ಮನೆಗೆ ಬಂದ ಮೇಲೆ ಬ್ಲೌಸ್ ಹೊಲಿಯುತ್ತಾಳೆ. ಈಗ ಕಣ್ಣಿನ ಡಾಕ್ಟರು, ಕತ್ತಲಾದ ಮೇಲೆ ಮಷಿನ್ ಮುಟ್ಟಬೇಡ ಎಂದಿದ್ದಾರೆ. ಪಗಾರ ಹೆಚ್ಚಿದರೆ ಮಷಿನ್‌ಗೆ ಮುಸುಕು ಹಾಕಬಹುದು. ಇಲ್ಲದಿದ್ದರೆ ಕಣ್ಣು ಹೋಗುವ ತನಕ ತುಳಿಯಬೇಕು.

‘ಕಣ್ಣಿನ ಸುದ್ದಿ ಹೇಳ್ರಿ ಅಕ್ಕಾರ, ಅವರ ಮನಸ್ಸು ಕರಗತೈತಿ.’

‘ಕರಗಿದ್ರ ಡಾಕ್ಟರ್ ಖರ್ಚಿಗೆ ಅಂತ ಐದನೂರು ಕೈಯಾಗ ಇಡ್ತಾರ. ಅದು ದಾನ ಆತು. ನಿಂಗ ದಾನ ಬೇಕೋ, ಪಗಾರ ಬೇಕೋ?’

ಬಾಳೆಹಣ್ಣನ್ನು ನನ್ನತ್ತ ಸರಿಸಿದಳು. ಆಮೇಲೆ ಮೆಲ್ಲಗೆ, ‘ಹಂಗಾರ ಕೊಪ್ಪಳದಾಗ ಬ್ಯಾರೆ ಅಂಗಡ್ಯಾಗ ಕೆಲಸ ಸಿಕ್ಕೈತಿ ಅಂತ ಹೇಳ್ಲೇನ್ರಿ?’

‘ಸಿಕ್ಕೈತೇನು?’

‘ಇಲ್ರಿ.’

ಇದೊಂದು ತಪ್ಪನ್ನು ದಯವಿಟ್ಟು ಯಾರೂ ಮಾಡಬೇಡಿ. ದೊಡ್ಡ ಸಿಟಿಯಲ್ಲಿ ಈ ಸುಳ್ಳು ನಡೆಯಬಹುದು. ಇಲ್ಲಿ? ಗಂಗಾವತಿ ಬಟ್ಟೆ ಅಂಗಡಿಯವರ ಬೀಗರು ಕೊಪ್ಪಳದಲ್ಲಿ, ಅವರ ಷಡ್ಡಕ ಕುಷ್ಟಗಿಯಲ್ಲಿ. ನೀವು ಅಂಗಡಿಯ ಮೆಟ್ಟಿಲು ಇಳಿಯುವುದರೊಳಗೆ ಫೋನ್ ಹೋಗಿರುತ್ತದೆ.

ಹಿರಿತನವನ್ನು ನಾನು ಒಪ್ಪಲಿಲ್ಲ. ಹಿರಿಯರು ಹೇಳಿದರೆಂದು ಸಾಹುಕಾರ ಹೂಂ ಅಂದರೆ ಅದು ಹಿರಿಯರಿಗೆ ಕೊಟ್ಟ ಮರ್ಯಾದೆ, ನಿಮ್ಮ ಕೆಲಸಕ್ಕೆ ಕಟ್ಟಿದ ಬೆಲೆ ಅಲ್ಲ. ಆದರೆ ನನಗೊಂದು ಅನುಮಾನ ಇತ್ತು. ಏಳು ವರ್ಷ ದುಡಿದವಳ ಪಗಾರ ಯಾಕೆ ತೆವಳುತ್ತಿದೆ? ಬ್ಲೌಸ್ ಪೀಸ್ ನೆಪ ಮಾಡಿ ಸೋಮವಾರ ಅಂಗಡಿಗೆ ಹೋದೆ.

‘ಬರ್ರಿ ಅಕ್ಕಾರ, ಇವತ್ತ ನಮಗ ಲುಕ್ಸಾನ ಗ್ಯಾರಂಟಿ!’ ಎಂದು ಸಾಹುಕಾರರು ನಕ್ಕು ಚಹಾ ತರಿಸಿದರು. ಒಳ್ಳೆಯ ಮನುಷ್ಯ. (ಒಳ್ಳೆಯವರ ಹತ್ತಿರವೇ ಹೆಚ್ಚು ಹುಷಾರಾಗಿರಬೇಕು. ಕೆಟ್ಟವರ ಜತೆ ನಾವು ಹೇಗೂ ಹುಷಾರಾಗಿರುತ್ತೇವೆ.)

ಅಷ್ಟರಲ್ಲಿ ಕ್ಯಾಂಪಿನ, ಅಂದರೆ ಆಂಧ್ರದಿಂದ ಬಂದು ನೆಲೆಸಿದ ರೈತರ ಊರಿನ, ತೆಲುಗು ಮನೆಯವರು ಮದುವೆ ಜವಳಿಗೆ ಬಂದರು. ಮಂಜು ಎಂಬ ಸೇಲ್ಸ್‌ಮನ್ ಸೀರೆ ಮೇಲೆ ಸೀರೆ ಹಾಸಿದ. ಮನೆಯ ಹಿರಿಯಾಕೆ ಅತ್ತ ನೋಡಲೇ ಇಲ್ಲ. ‘ರೇಣುಕಾ ಲೇದಾ?’ ಎಂದು ಅವಳನ್ನೇ ಹುಡುಕಿದರು. ರೇಣುಕಾ ಬಂದಳು, ತೆಲುಗಿನಲ್ಲಿ ನಗಿಸಿದಳು, ಮದುಮಗಳ ಮೈಮೇಲೆ ಸೆರಗು ಹೊದಿಸಿ ಕನ್ನಡಿ ತೋರಿಸಿದಳು. ನನ್ನ ಎರಡನೇ ಚಹಾ ಮುಗಿಯುವಷ್ಟರಲ್ಲಿ ಇಡೀ ಜವಳಿ ಗಂಟಾಯಿತು.

ಗಂಟು ಕಟ್ಟಿದ ಮೇಲೆ ರೇಣುಕಾ ಏನು ಮಾಡಿದಳು? ತಲೆ ತಗ್ಗಿಸಿ ಸೀರೆ ಮಡಚಲು ಕೂತಳು. ಗಂಟು ಎತ್ತಿಕೊಂಡು ಕೌಂಟರಿಗೆ ಹೋದವನು ಮಂಜು. ‘ಸಾವ್ಕಾರ್ರ, ಮದಿವಿ ಜವಳಿ ಬಿತ್ತು ನೋಡ್ರಿ!’ ಅಲ್ಲಿಯವರೆಗೆ ಫೋನಿನಲ್ಲಿದ್ದ ಸಾಹುಕಾರರು ತಲೆಯೆತ್ತಿ ನೋಡಿದ್ದು ಯಾರ ಮುಖ, ಹೇಳಿ?

ಹೋದ ದೀಪಾವಳಿಗೆ ಮಂಜುವಿನ ಪಗಾರ ಏರಿದೆ. ಅವನು ಬಂದು ಎರಡೇ ವರ್ಷ. ನನಗೆ ಆಶ್ಚರ್ಯವಾಗಲಿಲ್ಲ.

ಇನ್ನೂ ಇದೆ. ಸಾಹುಕಾರರು ಗಡಿಯಾರ ನೋಡಿದರು. ‘ರೇಣುಕಾ, ಸಾಲಿ ವ್ಯಾನ್ ಬರೂ ಹೊತ್ತಾತು. ಮೊಮ್ಮಗನ್ನ ಇಳಿಸ್ಕೊಂಡ್ ಬಾ ಯವ್ವಾ.’ ಅವಳು ಓಡಿದಳು. ನನ್ನತ್ತ ತಿರುಗಿ ಹೆಮ್ಮೆಯಿಂದ ಹೇಳಿದರು: ‘ನಮ್ಮ ಮನಿ ಮಗಳಿದ್ದಂಗ್ರಿ!’

ಸಿಕ್ಕಿತು!

ಸಂತೆಯಲ್ಲಿ ವ್ಯಾಪಾರಿ ‘ನಿಮಗಂತ ಹೇಳಿ ಕೊಡ್ತೀನ್ರಿ’ ಎಂದ ಕೂಡಲೇ ನಾನು ಪರ್ಸಿನ ಜಿಪ್ ಎಳೆದುಕೊಳ್ಳುತ್ತೇನೆ. ‘ಮನಿ ಮಗಳು’ ಎಂಬ ಮಾತು ಕೇಳಿದಾಗಲೂ ಹಾಗೇ ಮಾಡಬೇಕು. ಮನೆ ಮಗಳನ್ನು ರಜಾ ದಿನ ಹುಲಿಗಿಯ ದೇವಿ ದರ್ಶನಕ್ಕೆ ಕರೆದೊಯ್ಯಬಹುದು, ಚೀಲ ಹಿಡಿಯಲು. ಮನೆ ಮಗಳಿಗೆ ಹಬ್ಬಕ್ಕೆ ಸೀರೆ ಕೊಡಬಹುದು, ಎರಡು ವರ್ಷದಿಂದ ಯಾರೂ ಕೊಳ್ಳದೆ ಉಳಿದದ್ದು. ಮನೆ ಮಗಳಿಗೆ ಪಗಾರ ಮಾತ್ರ ಹೆಚ್ಚಿಸಬೇಕಿಲ್ಲ. ಮಗಳಿಗೆ ಯಾರಾದರೂ ಪಗಾರ ಕೊಡುತ್ತಾರೆಯೇ?

ರೇಣುಕಾ ಇದನ್ನೆಲ್ಲ ಪ್ರೀತಿ ಗಳಿಸುವ ದಾರಿ ಅಂದುಕೊಂಡಿದ್ದಳು. ಪ್ರೀತಿ ಬಂತು, ಸುಳ್ಳಲ್ಲ. ಆದರೆ ಸಾಹುಕಾರರಿಗೆ ಅವಳು ಮೊಮ್ಮಗನನ್ನು ವ್ಯಾನಿನಿಂದ ಇಳಿಸಿದ್ದು ನೆನಪಿದೆ, ಮದುವೆ ಜವಳಿ ಕುದುರಿಸಿದ್ದು ನೆನಪಿಲ್ಲ. ಆಫೀಸುಗಳಲ್ಲೂ ನೋಡಿ. ಸಾಹೇಬರ ಮನೆಯ ಗ್ಯಾಸ್ ಬುಕ್ ಮಾಡುವವನನ್ನು ಎಲ್ಲರೂ ಹೊಗಳುತ್ತಾರೆ. ಪಗಾರ ಹೆಚ್ಚಿಸುವಾಗ ಅವನ ಹೆಸರು ಬಾಯಿಗೆ ಬರುವುದಿಲ್ಲ.

ಅಂದು ಸಂಜೆ ಅವಳ ಮನೆ ಕಟ್ಟೆ ಮೇಲೆ ಕೂತು ಹೇಳಿದೆ. ‘ನೀನ ಹೋಗು, ಒಬ್ಬಾಕಿನ ಹೋಗು. ಮಂಜುನ ಹೆಸರು ಎತ್ತಬ್ಯಾಡ, ಹೊಟ್ಟಿಕಿಚ್ಚು ಅಂತಾರ. ಕ್ಯಾಂಪಿನ ಜನ ಯಾರನ್ನ ಕೇಳ್ಕೊಂಡ್ ಬರ್ತಾರ ಅಂತ ಅಷ್ಟ ಹೇಳು. ಮೂರು ಸಾವಿರ ಅನ್ನು. ಅಂದು ಬಾಯಿ ಮುಚ್ಕೋ.’

‘ಮೂರೇನ್ರಿ? ಭಾಳ ಆತು, ಅಕ್ಕಾರ!’

‘ಮೂರು ಅಂದ್ರ ಎರಡಕ್ಕ ಬರ್ತಾರ. ಎರಡು ಅಂದ್ರ ಚಹಾ ಕುಡಿಸಿ ಕಳಸ್ತಾರ.’

ಗುರುವಾರ ರಾತ್ರಿ ಪೇಡೆ ಹಿಡಿದು ಬಂದಳು. ನಡೆದದ್ದನ್ನು ಅವಳ ಬಾಯಲ್ಲೇ ಕೇಳಿ:

‘ಕೇಳಿದ್ನಿರಿ. ಅವರು ನಕ್ರು. “ಏನವಾ, ಮನಿ ಮಗಳು ಪಗಾರ ಕೇಳ್ತಾಳೇನು?” ಅಂದ್ರು. ನೀವು ಬಾಯಿ ಮುಚ್ಕೋ ಅಂದಿದ್ರಿ ಖರೆ, ತಡಿಲಿಲ್ರಿ ನನಗ. “ಮಗಳಾಗಿದ್ರ ಆಸ್ತ್ಯಾಗ ಪಾಲು ಕೇಳ್ತಿದ್ನಿರಿ ಸಾವ್ಕಾರ್ರ. ಕೆಲಸದಾಕಿ ಅದೀನಿ, ಮೂರು ಸಾವಿರ ಅಷ್ಟ ಕೇಳೀನಿ” ಅಂದ್ನಿ.’

‘ಅಯ್ಯ ನಿನ್ನ! ಆಮ್ಯಾಲೆ?’

‘ಒಂದ್ ಗಳಿಗಿ ನನ್ ಮಾರಿ ನೋಡಿದ್ರು. “ಆತು, ಈ ತಿಂಗಳಿಂದ ಮೂರು ಸಾವಿರ ಹೆಚ್ಚಿಗಿ ತಗೋ” ಅಂದ್ರು. ಅಷ್ಟರಿ!’

ಮಷಿನ್‌ಗೆ ಮುಸುಕು ಬಿದ್ದಿದೆ. ಅರ್ಧ ಹೊಲಿದಿದ್ದ ಬ್ಲೌಸ್‌ಗಳನ್ನು ಪಕ್ಕದ ಓಣಿಯ ಟೇಲರ್‌ಗೆ ಕೊಟ್ಟು ಬಂದಿದ್ದಾಳೆ. ಇಡೀ ಓಣಿಗೆ ಖುಷಿ. ನನಗೂ.

ಆದರೆ ಪೇಡೆ ಬಾಯಲ್ಲಿದ್ದಾಗಲೇ ಒಂದು ಅನುಮಾನ ಸುರುವಾಯಿತು, ಇನ್ನೂ ಹೋಗಿಲ್ಲ. ಸಾಹುಕಾರರು ಹುಟ್ಟು ವ್ಯಾಪಾರಿ. ಎರಡಕ್ಕೆ ಇಳಿಸಲಿಲ್ಲ, ಎರಡೂವರೆ ಅನ್ನಲಿಲ್ಲ, ಹಬ್ಬ ಆಗಲಿ ನೋಡೋಣ ಎಂದೂ ಹೇಳಲಿಲ್ಲ. ಮೂರು ಅಂದ ಕೂಡಲೇ ಮೂರಕ್ಕೆ ಒಪ್ಪಿದರು.

ಹಾಗಾದರೆ ಅವರು ಮನಸ್ಸಿನಲ್ಲಿ ಇಟ್ಟುಕೊಂಡಿದ್ದು ಎಷ್ಟು?