ಅಂಜಿಕೆಯ ವಾಕ್ಯ ಬಿಡಿಸಿದ ಯಮನಪ್ಪ

ಇಲ್ಲ... ನಂಬಲಿಕ್ಕೆ ಆಗುತ್ತಿಲ್ಲ.

ಬೆಳಗ್ಗೆ ಫೋನ್ ಬಂತು. ಸ್ಕ್ರೀನ್ ಮೇಲೆ ಯಮನಪ್ಪನದೇ ಹೆಸರು...
ದನಿ ಮಾತ್ರ ಅವನ ಮಗಳದು.
"ಕಾಕಾ... ಅಪ್ಪಾ ಹೋಗಿಬಿಟ್ಟಾನ್ರಿ..."
"ಎಲ್ಲಿಗೆ?" ಅಂದುಬಿಟ್ಟೆ ನಾನು.

ಟೈಪ್ ಮಾಡಿದ್ದರಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಿ...

ಈ ಗ್ರೂಪ್‌ನ ಹೆಚ್ಚಿನವರಿಗೆ ಯಮನಪ್ಪ ಅಂದರೆ ಸಾರವಾಡದ ಸಾಲಿಯಲ್ಲಿ ಕನ್ನಡ ಕಲಿಸಿದ ಮಾಸ್ತರ.
ನನಗೆ... ನನ್ನ ಜೊತೆ ಕೂತು ಗ್ರೀಕ್ ಕಲಿತವನು.
ಹೌದು, ಗ್ರೀಕ್. ಎರಡು ಸಾವಿರ ವರ್ಷ ಹಿಂದಿನ ಗ್ರೀಕ್.
ಅರವತ್ತರ ದಶಕದ ಶುರುವಿನಲ್ಲಿ, ನಮ್ಮ ವಿಜಾಪುರದಲ್ಲಿ!

ನಾನು ತಿಕೋಟಾದವ, ಅವನು ಬಬಲೇಶ್ವರದವ. ಕಾಲೇಜಿಗೆ ಬಂದು ಒಂದೇ ಖೋಲಿಯಲ್ಲಿದ್ದೆವು.
ಅವನ ಮನೆಯವರು ಆಗ ಹೊಸದಾಗಿ ಬೌದ್ಧರಾಗಿದ್ದರು.
ಅಫಘಾನಿಸ್ತಾನದಲ್ಲಿ ಅಶೋಕ ಗ್ರೀಕ್ ಭಾಷೆಯಲ್ಲಿ ಬರೆಸಿದ ಕಲ್ಲು ಸಿಕ್ಕಿದೆ ಎಂದು ಪೇಪರಿನಲ್ಲಿ ಓದಿದ್ದೇ ತಡ...
"ಅದನ್ನ ಓದಬೇಕಲೇ. ಮಂದಿ ಓದಿ ಹೇಳಿದ್ದಲ್ಲ, ನಾನ ಓದಬೇಕು."

ಗೋಳಗುಮ್ಮಟದ ಹತ್ತಿರ ದೇಸಾಯಿ ಮಾಸ್ತರರು ಇದ್ದರು. ಮುಂಬೈಯಲ್ಲಿ ಗ್ರೀಕ್ ಕಲಿತು, ಮುದಿವಯಸ್ಸಿನಲ್ಲಿ ಊರಿಗೆ ಮರಳಿದವರು.
ಅವರ ಹತ್ತಿರ ಬಾಯಿಪಾಠ ಇಲ್ಲ. ಒಂದು ವಾಕ್ಯ ಓದಬೇಕು...
"ಈಗ ನಿಮ್ಮ ಮನಿ ಮಾತಿನಾಗ ಹೇಳ್ರಿ" ಅನ್ನುವರು.
ಹೇಳಿದರೆ, "ಯಾಕ ಹಂಗ?"
ಅಲ್ಲಿಂದ ವಾದ ಶುರು. ವ್ಯಾಕರಣ ನಮಗೆ ಬಂದದ್ದು ಆ ಜಗಳದಲ್ಲೇ.

ಒಂದು ದಿನ ಒಂದು ವಾಕ್ಯ ಕೈಗೆ ಸಿಗಲಿಲ್ಲ.
'ವೈರಿ ಬಂದಾನು ಎಂದು ಕಾವಲುಗಾರ ಅಂಜುತ್ತಾನೆ.' ಅರ್ಥ ಇಷ್ಟೇ. ಆದರೆ ಗ್ರೀಕಿನಲ್ಲಿ ನಡುವೆ 'ಮೇ' ಎಂಬ ಪುಟ್ಟ ಪದ. ಅದರ ಅರ್ಥ 'ಬೇಡ'.

"ವೈರಿ ಬರಂಗಿಲ್ಲ ಅಂತ ಅಂಜತಾನ್ರಿ" ಅಂದ ಯಮನಪ್ಪ.
"ಬರಂಗಿಲ್ಲ ಅಂದ್ರ ಅಂಜೋದು ಯಾಕೋ?" ಮಾಸ್ತರರು ನಕ್ಕರು. "ಅಲ್ಲಿ 'ಬ್ಯಾಡ' ಯಾಕ ಬಂದದ, ವಿಚಾರ ಮಾಡಿಕೊಂಡು ಬರ್ರಿ."

ಅದನ್ನೇ ವಾದಿಸುತ್ತ ಗುಮ್ಮಟ ಹತ್ತಿದೆವು. ಮೇಲಿನ ಬಯಲು ಮಾಳಿಗೆಗೆ ಬಂದಿದ್ದೆವಷ್ಟೇ...

ಹೆಜ್ಜೇನು ಎದ್ದವು.

ಯಾರು ಕೆಣಕಿದರೋ ಗೊತ್ತಿಲ್ಲ. ಮೊದಲು ಸದ್ದು... ಆಮೇಲೆ ಬಿಸಿಲೇ ಮಂಕಾಯಿತು.
ನಾನು ಮರಗಟ್ಟಿ ನಿಂತೆ.
ಯಮನಪ್ಪ ತನ್ನ ಹೆಗಲ ವಸ್ತ್ರ ನನ್ನ ತಲೆಗೆ ಸುತ್ತಿ ಮೆಟ್ಟಿಲಿನತ್ತ ದಬ್ಬಿದ.
"ಬಾಯಿ ತೆರೀಬ್ಯಾಡ... ಇಳಿ!"

ಕತ್ತಲ ಮೆಟ್ಟಿಲು. ಹುಳಗಳೂ ನಮ್ಮ ಜೊತೆ ಇಳಿಯುತ್ತಿದ್ದವು. ಗೋಡೆ ಸವರುತ್ತ ಇಳಿದೆ... ಹಿಂದೆ ಅವನ ಉಸಿರು ಕೇಳುತ್ತಿತ್ತು...
ಎಲ್ಲೋ ಒಂದು ಕಡೆ ಅದು ಕೇಳದಾಯಿತು.

ಅಂಥ ಅಂಜಿಕೆ ನಾನು ಮತ್ತೆಂದೂ ಕಂಡಿಲ್ಲ. ತಿರುಗಿ ಹತ್ತಿದೆ. ತಿರುವಿನಲ್ಲಿ ಬಿದ್ದಿದ್ದ.

ಯಮನಪ್ಪಾ...
ದವಾಖಾನಿಯಲ್ಲಿ ನಿನ್ನ ಮುಖದ ಗುರುತು ನನಗೇ ಸಿಗಲಿಲ್ಲೋ. ಎರಡೂ ಕಣ್ಣು ಊದಿ ಮುಚ್ಚಿಹೋಗಿದ್ದವು. ಮೈ ಕೆಂಡ. ಡಾಕ್ಟರು "ನೋಡೋಣು" ಅಂದು ಹೋದರು.
ಆ ಒಂದು ಮಾತಿಗೆ ಎಷ್ಟು ಹೆದರಿದ್ದೆ, ನಿನಗೆ ಗೊತ್ತೇನು?

ಬಬಲೇಶ್ವರದಿಂದ ನಿನ್ನ ಅವ್ವ ಬಂದಳು. ನಿನ್ನ ಪಾದ ಹಿಡಿದು ನೆಲಕ್ಕೆ ಕುಸಿದಳು.
"ಯಪ್ಪಾ, ನನಗ ಅಂಜಿಕಿ ಆಗಾಕತ್ತೈತೋ... ಸಾಯಬ್ಯಾಡೋ ನನ್ನ ಮಗನ!"

ಬಾಗಿಲಲ್ಲಿ ಮಾಸ್ತರರು. ಒಳಗೆ ಬರಲೂ ಇಲ್ಲ, ಹೊರಗೆ ಹೋಗಲೂ ಇಲ್ಲ.

ಜ್ವರ ಇಳಿದ ಮೇಲೆ ನೀನು ಮೊದಲು ಕೇಳಿದ್ದು ನೀರು ಕೂಡ ಅಲ್ಲ...
"ಮಾಸ್ತರ ಅದಾರೇನು?"
"ಇಲ್ಲೇ ಇದ್ದೇನಪ್ಪಾ, ಹೇಳು."
"ಅವ್ವ ಅಂದದ್ದು ಕೇಳಿದ್ರ್ಯಾ ಸರ್? ಅಂಜಿಕಿ ಆಗತೈತಿ ಅಂದ್ಲು. ಅದರ ಕೂಡನ 'ಬ್ಯಾಡೋ' ಅಂದ್ಲು. ಆ ಕಾವಲುಗಾರಂದೂ ಹಂಗ... ಅಂಜಿಕಿ ಆಗತೈತಿ, ವೈರಿ ಬರೋದು ಬ್ಯಾಡಪ್ಪಾ! ಎರಡು ಮಾತು ಕೂಡಿ ಒಂದ ವಾಕ್ಯ ಆಗ್ಯಾವ್ರಿ."

ಮಾಸ್ತರರು ಒಳಗೆ ಬಂದು ಮಂಚದ ಹತ್ತಿರ ನಿಂತರು.
"ಸರಿ ಅದ. ಪೂರಾ ಸರಿ ಅದ. ಈಗ ಸುಮ್ಮನ ಮಲಕೋ."
ಅವ್ವ ಗಾಬರಿಯಾಗಿ ನನ್ನ ಕೈ ಹಿಡಿದಳು: "ಮತ್ತ ಜ್ವರಾ ಏರೈತೇನೋ ತಮ್ಮಾ? ಏನೇನರ ಬಡಬಡಸಾಕತ್ತಾನಲ್ಲ!"

ಮುಂದೆ ಮಾಸ್ತರರು ಅಶೋಕನ ಆ ಬರಹದ ಪ್ರತಿ ತರಿಸಿದರು. ಒಂದೊಂದೇ ಸಾಲು... ಮನೆ ಮಾತಿಗೆ ತಂದು, ಜಗಳಾಡಿ, ಮುಗಿಸಿದೆವು.
ನೀನು ಊರಿಗೆ ಹೋಗಿ ಅವ್ವನಿಗೆ ಅದರೊಳಗಿನ ಬೇಟೆಯ ಸಾಲು ಓದಿ ಹೇಳಿದ ದಿನ ನಾನೂ ಬಂದಿದ್ದೆ.
"ರಾಜನ ಬ್ಯಾಟಿಗಾರರೂ ಬ್ಯಾಟಿ ಬಿಟ್ಟರಂತಬೇ."
ಜೋಳ ಹಸನು ಮಾಡುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು... "ಖರೇನ?"
"ಖರೇನ ಅವ್ವಾ. ನಾನ ಓದೇನಿ."

ಅವ್ವ ಹೋದಳು. ಮಾಸ್ತರರು ಹೋದರು. ಈಗ ನೀನು...
ಆ ವಾದಗಳು ಗೊತ್ತಿರುವವನು ನಾನೊಬ್ಬನೇ ಉಳಿದೆ. ಎಂಬತ್ತು ದಾಟಿದ ತಲೆ ಇದು... ಯಾವಾಗ ಏನು ಮರೆಯುತ್ತದೋ. ಅಂಜಿಕೆಯಾಗುತ್ತದೆ.

ಸಂಜೆ ಬಬಲೇಶ್ವರದಲ್ಲಿ ಮಣ್ಣು. ಬರುವವರು ಬನ್ನಿ.
"ಕಾಕಾ, ನೀವು ನಾಲ್ಕು ಮಾತು ಆಡಬೇಕ್ರಿ" ಅಂದಿದ್ದಾಳೆ ಮಗಳು. ಹೂಂ ಅಂದಿದ್ದೇನೆ.
ಗಾಡಿ ಬಂದು ಬಾಗಿಲಲ್ಲಿ ನಿಂತಿದೆ. ಚಪ್ಪಲಿ ಹಾಕಿಕೊಂಡು ಇನ್ನೂ ಒಳಗೇ ಕೂತಿದ್ದೇನೆ...
ನಿನ್ನ ಅಂಗಳಕ್ಕೆ ನೀನು ಕರೆಯದೆ ನಾನು ಬಂದವನೇ ಅಲ್ಲ, ಇವತ್ತು ಕರೆಯಲು ನೀನಿಲ್ಲ.

ಮಾತು ಬಾರದಿದ್ದರೆ ನಿನ್ನ ಮಗಳ ಪಕ್ಕ ಸುಮ್ಮನೆ ಕೂತಿರುತ್ತೇನೆ. ಅಷ್ಟು ಮಾಡಬಲ್ಲೆ.

ಹೋಗಿ ಬಾ ಗೆಳೆಯಾ...
ನಿನ್ನ ಜೀವ ತಣ್ಣಗಿರಲಿ.