ಜರಡಿ ಸಾಹೇಬರು ಶುದ್ಧ ಮಾಡಿದ ಸಂಪುಟಗಳು

ಈ ಪ್ರಾಂತ್ಯದಲ್ಲಿ ಅಚ್ಚಾದ ಪ್ರತಿಯೊಂದು ಪುಸ್ತಕ, ಪ್ರತಿಯೊಂದು ಪತ್ರಿಕೆಯನ್ನು ಮುಂದೆ ಬರುವವರು ನೋಡಲೆಂದು ಕಾಪಾಡಿಡಬೇಕು ಅಂತ ಸರ್ಕಾರ ಒಂದು ಕಟ್ಟಡ ಕಟ್ಟಿಸಿತು. ಕಟ್ಟಡವೇನೋ ಚೆನ್ನಾಗಿಯೇ ಇತ್ತು. ಕಾಪಾಡಲು ಸಿಕ್ಕವರು ಮಾತ್ರ ಜರಡಿ ಸಾಹೇಬರು.

ಜರಡಿ ಎಂಬುದು ತಂದೆ ತಾಯಿ ಇಟ್ಟ ಹೆಸರಲ್ಲ, ಬೈಂಡಿಂಗ್ ಕೋಣೆಯವರು ಇಟ್ಟದ್ದು. ವರ್ಷದ ವಾರಪತ್ರಿಕೆಗಳೆಲ್ಲ ಸೇರಿ ಒಂದೇ ರಟ್ಟಿನೊಳಗೆ ಹೋಗುವ ಮೊದಲು ಸಾಹೇಬರ ಮೇಜಿಗೆ ಬರಬೇಕು. ಸಾಹೇಬರು ತೋಳು ಮಡಿಸಿ, ಪಿನ್ನು ಬಿಚ್ಚಿ, ಜಾಹೀರಾತಿನ ಹಾಳೆಗಳನ್ನೆಲ್ಲ ಕಿತ್ತು ಕಾಲ ಬಳಿಯ ಬುಟ್ಟಿಗೆ ಎಸೆಯಬೇಕು. ಸೋಪು, ಕೊಡೆ, ತಲೆನೋವಿನ ಮಾತ್ರೆ, ಕಳೆದುಹೋದ ನಾಯಿ, ಬಾಡಿಗೆಗಿರುವ ಮನೆ, ಹೀಗೆ ಜನ ಹೇಗೆ ಬದುಕುತ್ತಿದ್ದರು ಎಂದು ಹೇಳುವುದೆಲ್ಲ ಬುಟ್ಟಿಗೆ. ಸಂಪಾದಕೀಯ, ಸಮಾರಂಭದ ಭಾಷಣ, ಒಬ್ಬ ಕವಿ ಇನ್ನೊಬ್ಬ ಕವಿಯ ಬೆನ್ನು ತಟ್ಟಿದ್ದು ಕಪಾಟಿಗೆ.

"ಉಳೀಬೇಕಾದ್ದು ಸಾಹಿತ್ಯ ಕಣ್ರೀ, ಸೋಪಲ್ಲ. ದುಡ್ಡು ಕೊಟ್ಟು ಹಾಕಿಸಿದ್ದಕ್ಕೆ ನನ್ನ ಕಪಾಟಲ್ಲಿ ಜಾಗ ಇಲ್ಲ" ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು. ಕಪಾಟು ಸರ್ಕಾರದ್ದು ಎಂದು ನೆನಪಿಸುವ ಧೈರ್ಯ ಯಾರಿಗೂ ಇರಲಿಲ್ಲ. ಜರಡಿ ಹಿಟ್ಟನ್ನು ಕೆಳಗೆ ಬಿಟ್ಟು ತೌಡನ್ನು ತಾನಿಟ್ಟುಕೊಳ್ಳುತ್ತದೆ ಎಂದು ಬೈಂಡರ್ ಒಮ್ಮೆ ಅವರೆದುರೇ ಅಂದ. ಸಾಹೇಬರು ಅದನ್ನು ಹೊಗಳಿಕೆ ಎಂದು ತಿಳಿದು ತಲೆಯಾಡಿಸಿದರು.

ಸಾಹಿತ್ಯ ಯಾವುದು ಕಸ ಯಾವುದು ಎಂದು ತೀರ್ಪು ಕೊಡುವ ಅಧಿಕಾರ ಅವರಿಗೆ ಎಲ್ಲಿಂದ ಬಂತು? ಅವರೂ ಕವಿ. ಹದಿಹರೆಯದಲ್ಲಿ ಬರೆದ 'ಶೂನ್ಯದೊಂದಿಗೆ ಒಂದು ಸಂಜೆ' ಎಂಬ ಪದ್ಯ ಊರಿನ ವಾರಪತ್ರಿಕೆಯಲ್ಲಿ ಅಚ್ಚಾಗಿತ್ತು. ಅದಾದ ಮೇಲೆ ಇನ್ನೊಂದು ಸಾಲೂ ಅಚ್ಚಾಗಲಿಲ್ಲ. ಆದರೆ ಕೊಂಬು ಮೂಡುವುದಕ್ಕೆ ಒಂದು ಪದ್ಯ ಧಾರಾಳ ಸಾಕು. ಆ ವಾರಪತ್ರಿಕೆ ಬಹಳ ಹಿಂದೆಯೇ ಮುಚ್ಚಿಹೋಗಿ, ಉಳಿದ ಕಟ್ಟುಗಳೆಲ್ಲ ಗುಜರಿಗೆ ಹೋಗಿದ್ದವು. ಕಟ್ಟಡದಲ್ಲಿ ಬಿಡಿಯಾಗಿ ಬಿದ್ದಿದ್ದ ಆ ವರ್ಷದ ಸಂಚಿಕೆಗಳನ್ನು ಸಾಹೇಬರು ಕೆಲಸಕ್ಕೆ ಸೇರಿದೊಡನೆ ತಾವೇ ಶುದ್ಧ ಮಾಡಿ ರಟ್ಟು ಹಾಕಿಸಿದ್ದರು. ಭೂಮಿಯ ಮೇಲೆ ಉಳಿದ ಒಂದೇ ಪ್ರತಿ ನಮ್ಮಲ್ಲಿದೆ ಎಂದು ಎದೆ ಉಬ್ಬಿಸಿ ಹೇಳುತ್ತಿದ್ದರು.

ಆ ಮಾತನ್ನು ನಂಬಿಯೇ ಒಂದು ದಿನ ಅವರ ಅಕ್ಕ ಬಂದಳು.

ತಂದೆ ತಾಯಿ ಹೋದಮೇಲೆ ತಮ್ಮನನ್ನು ಸಾಕಿದವಳು ಆಕೆ. ಔಷಧಿ ಅಂಗಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿ ಹೆಂಗಸರಿಗೆ ಹೊಲಿಗೆ ಕಲಿಸುವ ಶಾಲೆ ನಡೆಸಿ ಅವನನ್ನು ಓದಿಸಿದಳು. ಸಾಹೇಬರು ತಮ್ಮ ಭಾಷಣಗಳಲ್ಲಿ ಬಾಲ್ಯದ ಬಡತನವನ್ನು ಹೇಳುತ್ತಿದ್ದರು, ಹೊಲಿಗೆ ಯಂತ್ರವನ್ನು ಹೇಳುತ್ತಿರಲಿಲ್ಲ. ಬಡತನಕ್ಕೆ ಗೌರವ ಇದೆ, ಕಾಜಾ ಹಾಕುವುದಕ್ಕೆ ಇಲ್ಲ ನೋಡಿ.

ಮೆಟ್ಟಿಲು ಹತ್ತಿದ ಸುಸ್ತಿಗೆ ಅಕ್ಕ ಓದುವ ಕೋಣೆಯ ಕುರ್ಚಿಯಲ್ಲಿ ಧಪ್ಪನೆ ಕುಳಿತಳು. "ಮೊಮ್ಮಗಳು ಹೊಲಿಗೆ ಅಂಗಡಿ ಹಾಕ್ತಿದ್ದಾಳೆ ಕಣೋ. ನಾನು ಶಾಲೆ ನಡೆಸ್ತಿದ್ದೆ ಅಂದ್ರೆ ನಗ್ತಾಳೆ. ಅಜ್ಜಿ ಸುಮ್ನೆ ಬುರುಡೆ ಬಿಡ್ತಾಳೆ ಅಂತಾಳೆ. ಆ ಪತ್ರಿಕೇಲಿ ವರ್ಷಪೂರ್ತಿ ನಮ್ಮ ಶಾಲೆ ಜಾಹೀರಾತು ಬರ್ತಿತ್ತಲ್ಲ, ಒಂದು ನಕಲು ತೆಗೆಸಿಕೊಡು. ಅವಳ ಅಂಗಡಿ ಗೋಡೆಗೆ ಹಾಕ್ತೀವಿ."

ಆ ಹಾಳೆಗಳು ಎಲ್ಲಿ ಹೋದವೆಂದು ಸಾಹೇಬರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ತಪ್ಪು ಒಪ್ಪಿಕೊಳ್ಳುವ ಅಭ್ಯಾಸ ಅವರ ವಂಶಕ್ಕೇ ಹೊಸದು. "ಅದೆಲ್ಲಿ ಹುಡುಕೋದಕ್ಕ, ಅಷ್ಟು ಹಳೇದು" ಎಂದರು.

"ಒಂದೇ ಪ್ರತಿ ನಮ್ಮಲ್ಲಿದೆ ಅಂತ ಮದುವೆ ಮುಂಜಿಗೆಲ್ಲ ಹೇಳ್ಕೊಂಡು ತಿರುಗ್ತೀಯಲ್ಲೋ. ಅಗೋ, ಆ ನೀಲಿ ರಟ್ಟು. ಹೆಸರು ನನಗೂ ಓದಕ್ಕೆ ಬರತ್ತೆ."

ಬೇರೆ ದಾರಿ ಇಲ್ಲದೆ ಸಾಹೇಬರು ಸಂಪುಟ ತಂದು ತಮ್ಮ ಪದ್ಯವಿದ್ದ ಪುಟವನ್ನೇ ತೆರೆದಿಟ್ಟರು. ಅದನ್ನು ನೋಡಿ ಅಕ್ಕ ಸಂತೋಷಪಟ್ಟು ಬಂದ ಕೆಲಸ ಮರೆತುಬಿಡಬಹುದು ಎಂಬ ಆಸೆ. ಆಕೆ ಪದ್ಯದ ಕಡೆ ತಿರುಗಿಯೂ ನೋಡದೆ ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿದಳು. ಹನ್ನೆರಡನೆಯ ಪುಟದ ಮುಂದೆ ಹದಿನೈದು. ಹಿಂದಿನ ವಾರದ್ದೂ ಹಾಗೇ, ಮುಂದಿನ ವಾರದ್ದೂ ಹಾಗೇ.

"ಎಲ್ಲೋ?"

"ಜಾಹೀರಾತನ್ನ ನಾವು ಇಟ್ಕೊಳ್ಳಲ್ಲ ಅಕ್ಕ. ಅದು ನಿಯಮ."

"ಯಾರ ನಿಯಮ?"

ಹಾಳೆ ಕಿತ್ತ ಕೈಗಳನ್ನು ಸಾಹೇಬರು ಬೆನ್ನ ಹಿಂದೆ ಕಟ್ಟಿಕೊಂಡರು. ಉತ್ತರ ಅವರ ಕೈಯಲ್ಲೇ ಇತ್ತು.

ಅಕ್ಕ ಆ ಸಂಪುಟದ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಆಮೇಲೆ ಯಾರಿಗೋ ಹೇಳುವವಳಂತೆ ಹೇಳಿದಳು. "ಆ ಜಾಹೀರಾತಿಗೆ ಬೋರ್ಡು ಬರೆಯೋನು ಚಿತ್ರ ಬರೆದಿದ್ದ, ಮೆಷಿನ್ ಮುಂದೆ ನಾನು ಕೂತಿದ್ದು. ಮೂಗು ಉದ್ದ ಮಾಡಿದ್ದೀಯಾ ಅಂತ ಜಗಳ ಆಡಿದ್ದೆ. ಕೆಳಗೆ 'ನಡೆಸುವವರು' ಅಂತ ನನ್ನ ಹೆಸರು. ಕೋಣೆ ಮಾಲೀಕ ಬಾಗಿಲ ಮೇಲೆ ಹೆಸರು ಬರೆಸೋಕೆ ಬಿಟ್ಟಿರಲಿಲ್ಲ. ನನ್ನ ಹೆಸರು ಇನ್ನೆಲ್ಲೂ ಅಚ್ಚಾಗಿಲ್ಲ."

ಆಕೆಯ ಕಣ್ಣು ತುಂಬಿತ್ತು. ಸಾಹೇಬರಿಗೂ ನಾಚಿಕೆಯಾಯಿತು, ಅದನ್ನು ಇಲ್ಲವೆನ್ನಲಾಗದು. ಆದರೆ ನಾಚಿಕೆಯಾದಾಗ ಉಪದೇಶ ಮಾಡುವುದು ಅವರ ಹಳೆಯ ಚಾಳಿ. "ನೋಡಕ್ಕ, ನನ್ನ ಪದ್ಯವನ್ನ ಸಂಪಾದಕರು ಓದಿ, ತೂಗಿ, ಯೋಗ್ಯ ಅಂತ ಹಾಕಿದ್ದು. ದುಡ್ಡು ಕೊಟ್ಟು ಹಾಕಿಸಿದ್ದಕ್ಕೂ ಅದಕ್ಕೂ ವ್ಯತ್ಯಾಸ ಇಲ್ವಾ?"

ಅಕ್ಕ ಕಣ್ಣೊರೆಸಿಕೊಂಡಳು. ಆಕೆಗೆ ನಗು ಬಂತು, ಅದು ಒಳ್ಳೆಯ ನಗುವಲ್ಲ.

"ಅಯ್ಯೋ ಪೆದ್ದೇ. ಆ ಪದ್ಯ ಎರಡು ಸಲ ವಾಪಸ್ ಬಂದಿತ್ತು. ನೀನು ಊಟ ಬಿಟ್ಟು ಗೋಡೆ ಕಡೆ ಮುಖ ಮಾಡಿ ಮಲಗಿದ್ದೆ. ನೋಡಕ್ಕಾಗದೆ ನಾನೇ ಹೋದೆ. ವರ್ಷಪೂರ್ತಿ ಜಾಹೀರಾತು ಕೊಡ್ತೀನಿ ಸ್ವಾಮಿ, ನಮ್ಮ ಹುಡುಗನ ಪದ್ಯ ಒಂದು ಹಾಕಿ ಅಂದೆ. ಆ ಸಂಪಾದಕ ಓದಲೂ ಇಲ್ಲ, ಮಡಿಸಿ ಜೇಬಿಗೆ ಹಾಕ್ಕೊಂಡ."

ಸಾಹೇಬರನ್ನು ಇಷ್ಟು ವರ್ಷ ತಲೆಯೆತ್ತಿ ನಡೆಸಿದ್ದ ಬೆನ್ನುಮೂಳೆಯನ್ನೇ ಯಾರೋ ಎಳೆದುಕೊಂಡ ಹಾಗಾಯಿತು.

"ನಿನ್ನ ಲೆಕ್ಕದಲ್ಲಿ ಇದೂ ಜಾಹೀರಾತೇ" ಎಂದು ಅಕ್ಕ ಮತ್ತೆ ಪದ್ಯದ ಪುಟಕ್ಕೆ ತಿರುವಿ ಸಂಪುಟವನ್ನು ಅವರ ಕಡೆಗೆ ತಳ್ಳಿದಳು. "ನಿಯಮ ಅಂದ್ರೆ ನಿಯಮ. ಕೀಳು, ನೋಡೋಣ."

ಸಾಹೇಬರು ಎರಡೂ ಅಂಗೈಗಳನ್ನು ಪುಟದ ಮೇಲೆ ಊರಿ ಮುಚ್ಚಿಕೊಂಡರು.

"ಬೇಡ ಅಕ್ಕ. ಇದೊಂದೇ ಇರೋದು."

ಅಕ್ಕ ಚೀಲ ಎತ್ತಿಕೊಂಡು ಎದ್ದಳು. "ನಂದೂ ಅದೊಂದೇ ಇತ್ತು" ಎಂದಳು.