ಅತ್ತೆಯ ಮಾತು, ಸೊಸೆಯ ಬಾಯಲ್ಲಿ

ಲೂರ್ದವ್ವ ಹುಟ್ಟಿ ಬೆಳೆದದ್ದು ಮರಾಠಿ ಸೀಮೆಯ ದಂಡಿನ ಊರು ಖಡಕಿಯಲ್ಲೇ. ಅವಳಪ್ಪ ಗದಗಿನ ಕಡೆಯಿಂದ ಬಂದು ದಂಡಿನ ಲಾಯದಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ. ಎರಡೂ ಅವಳಿಗೆ ಸಲೀಸು. ಮದ್ದುಗುಂಡಿನ ಕಾರ್ಖಾನೆಯ ಇನ್ನಾಸಪ್ಪನನ್ನು ಅವಳು ಮದುವೆಯಾದ ವರ್ಷವೇ ಅವನ ತಾಯಿ ಅನ್ನವ್ವ ಧಾರವಾಡದ ಕಡೆಯ ಹಳ್ಳಿ ಬಿಟ್ಟು ಮಗನ ಹತ್ತಿರ ಬಂದಳು.

ಅನ್ನವ್ವನಿಗೆ ಕನ್ನಡ ಬಿಟ್ಟು ಬೇರೆ ಮಾತು ಬಾರದು. ಇಗರ್ಜಿಯ ಪಾದ್ರಿಗೆ ಕನ್ನಡ ಬಾರದು. ಈಸ್ಟರ್ ಹಬ್ಬದ ಮುಂಚಿನ ಉಪವಾಸದ ದಿನಗಳಲ್ಲಿ ಬೆಳಗಾವಿಯಿಂದ ಕನ್ನಡ ಬಲ್ಲ ಮುದಿ ಪಾದ್ರಿಯೊಬ್ಬರು ಬರುತ್ತಿದ್ದರು. ಅನ್ನವ್ವ ವರ್ಷವಿಡೀ ಅವರ ದಾರಿ ಕಾಯುವಳು. ಅವರೆದುರು ಪಾಪನಿವೇದನೆ ಮಾಡಿ, ಪ್ರಸಾದ ತೆಗೆದುಕೊಂಡು, ಹಗುರಾಗಿ ಮನೆಗೆ ಬರುವಳು.

ಲೂರ್ದವ್ವನಿಗೆ ಮೊದಲು ಹುಟ್ಟಿದ್ದು ಹೆಣ್ಣು. "ಊರಿಂದ ಮಂದಿ ಬರ್ಲಿ, ಆಮ್ಯಾಲೆ ಜ್ಞಾನಸ್ನಾನ ಮಾಡಿಸೂಣು" ಎಂದು ಅನ್ನವ್ವ ತಡೆದಳು. ಮಂದಿ ಬರುವ ಮೊದಲೇ ಕೂಸು ಜ್ವರದಲ್ಲಿ ಹೋಯಿತು. ಜ್ಞಾನಸ್ನಾನವಾಗದ ಕೂಸಿಗೆ ಮಂತ್ರಿಸಿದ ನೆಲದಲ್ಲಿ ಜಾಗವಿಲ್ಲ. ಇನ್ನಾಸಪ್ಪ ಅದನ್ನು ಸ್ಮಶಾನದ ಗೋಡೆಯ ಹೊರಗೆ ಮಣ್ಣು ಮಾಡಿ ಬಂದ. ಜೀವಕ್ಕೆ ಅಪಾಯವಿದ್ದಾಗ ಮನೆಯವರು ಯಾರಾದರೂ ತಲೆಗೆ ನೀರು ಹಾಕಿ ಜ್ಞಾನಸ್ನಾನ ಕೊಡಬಹುದಿತ್ತು. ಗಾಬರಿಯಲ್ಲಿ ಯಾರಿಗೂ ಅದು ಹೊಳೆಯಲಿಲ್ಲ. ಆದರೆ ಲೂರ್ದವ್ವ ತಪ್ಪೆಲ್ಲ ಅತ್ತೆಯದೇ ಎಂದುಕೊಂಡಳು. ಅಲ್ಲಿಂದ ಮುಂದೆ ಅವಳು ಅತ್ತೆಯೊಂದಿಗೆ ಊಟಕ್ಕೆ ಕರೆಯುವಷ್ಟೇ ಮಾತಾಡಿದಳು. ಮುಂದಿನ ಮಕ್ಕಳನ್ನು ಯಾರನ್ನೂ ಕೇಳದೆ ಹುಟ್ಟಿದ ಮರುದಿನವೇ ಇಗರ್ಜಿಗೆ ಒಯ್ದಳು.

೧೯೨೬ರಲ್ಲಿ ಬೆಳಗಾವಿಯ ಪಾದ್ರಿ ಬರಲಿಲ್ಲ, ಅವರಿಗೇ ಮೈಯಲ್ಲಿ ಹುಷಾರಿರಲಿಲ್ಲ. ಅದೇ ವೇಳೆಗೆ ಅನ್ನವ್ವ ಎದೆನೋವಿನಿಂದ ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ಉಸಿರು ಮೇಲೆ ಮೇಲೆ ಬರತೊಡಗಿತು. ಇನ್ನಾಸಪ್ಪ ಕಾರ್ಖಾನೆಯಲ್ಲಿದ್ದ. ಪಕ್ಕದ ಮನೆಯ ರಂಗೂಬಾಯಿ ಓಡಿಹೋಗಿ ಖಡಕಿಯ ಪಾದ್ರಿಯನ್ನೇ ಕರೆತಂದಳು.

ಪಾದ್ರಿ ಲೂರ್ದವ್ವನಿಗೆ ಮರಾಠಿಯಲ್ಲಿ ಬಿಡಿಸಿ ಹೇಳಿದರು: ಮುದುಕಿ ಮನಸ್ಸಿನಲ್ಲೇ ಪಶ್ಚಾತ್ತಾಪಪಟ್ಟರೂ ಸಾಕು, ಕ್ಷಮೆಯ ಮಂತ್ರ ಹೇಳುತ್ತೇನೆ. ಬಾಯಿಬಿಟ್ಟು ಹೇಳಬೇಕೆಂದರೆ ನೀನು ಮರಾಠಿ ಮಾಡಿ ಹೇಳಬಹುದು. ಆದರೆ ಕೇಳಿದ್ದನ್ನು ಸಾಯುವತನಕ ಯಾರಿಗೂ ಹೇಳುವಂತಿಲ್ಲ, ನನಗೆ ಹೇಗೋ ನಿನಗೂ ಹಾಗೆ.

ಲೂರ್ದವ್ವ ಅದನ್ನು ಅತ್ತೆಗೆ ಹೇಳಿ, "ರಂಗೂಬಾಯಿ ಮಗಳಿಗೂ ಕನ್ನಡ ತಿಳೀತದ, ಆಕೀನ್ನ ಕರೀಲೇನ್ರಿ?" ಎಂದಳು.

"ಬ್ಯಾಡ. ನೀನs ಇರು" ಎಂದಳು ಅನ್ನವ್ವ.

ಅವಳು ಒಂದೊಂದೇ ಮಾತು ಹೇಳಿದಳು, ಲೂರ್ದವ್ವ ಒಂದೊಂದನ್ನೇ ಮರಾಠಿಗೆ ತಿರುಗಿಸಿದಳು. ಆ ಮಾತುಗಳು ಏನೆಂದು ಲೂರ್ದವ್ವ ಮುಂದೆಂದೂ ಬಾಯಿಬಿಡಲಿಲ್ಲ, ಹಾಗಾಗಿ ಇಲ್ಲೂ ಅವು ಬರುವುದಿಲ್ಲ. ನಡುವೆ ಒಮ್ಮೆ ಮುದುಕಿ ಅತ್ತಳು. ಕೌದಿಯ ಮೇಲಿದ್ದ ಕೈ ಸೊಸೆಯ ಕಡೆಗೆ ಸರಿಯಿತು. ಲೂರ್ದವ್ವ ತನ್ನ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು, ಪಾದ್ರಿಯ ಮುಖವನ್ನೇ ನೋಡುತ್ತ ಕೊನೆಯ ಮಾತನ್ನೂ ಒಪ್ಪಿಸಿದಳು.

ಪಾದ್ರಿ ಕ್ಷಮೆಯ ಮಂತ್ರ ಹೇಳಿ, ಪ್ರಸಾದ ಕೊಟ್ಟು, ಕಣ್ಣು ಕಿವಿ ಕೈಗಳಿಗೆ ಪವಿತ್ರ ತೈಲ ಹಚ್ಚಿದರು. ಸಂಜೆಗೆ ಅನ್ನವ್ವನ ಮಾತು ನಿಂತಿತು. ಮಗ ಬಂದಾಗ ಕಣ್ಣುಗಳಷ್ಟೇ ತೆರೆದಿದ್ದವು. ಬೆಳಗಿಗೆ ಅವಳಿಲ್ಲ.

ಮಣ್ಣಾದ ಮೇಲೆ ಲೂರ್ದವ್ವ ಪಾದ್ರಿಯ ಬಳಿ ಹೋಗಿ, "ಮಾತು ತಿರುಗಿಸಿ ಹೇಳುವವಳು ನಡುವೆ ತನ್ನ ಮಾತು ಸೇರಿಸಬಾರದು ಅಂತ ಸುಮ್ಮನಿದ್ದೆ, ಫಾದರ್" ಎಂದು ಮರಾಠಿಯಲ್ಲಿ ಅತ್ತಳು.

"ಮಾತು ಬೇಡವಾಗಿತ್ತು ಮಗಳೇ. ಕೈ ಹಿಡಿಯಬೇಡ ಅಂತ ಯಾರೂ ಅಂದಿರಲಿಲ್ಲ" ಎಂದರು ಅವರು. ಅವರು ಮೆತ್ತಗೇ ಹೇಳಿದ್ದರೂ ಅದು ಲೂರ್ದವ್ವನಿಗೆ ಆಳವಾಗಿ ನಾಟಿತು.

ಮನೆಯಲ್ಲಿ ಇನ್ನಾಸಪ್ಪ ಕೇಳುತ್ತಲೇ ಇದ್ದ: "ಅವ್ವ ನನ್ನ ನೆನಸಿದಳೇನ? ಅಷ್ಟರ ಹೇಳು."

"ಅದನ್ನ ಕೇಳಬ್ಯಾಡ್ರಿ."

ಹೇಳಬಾರದೆಂಬ ನಿಯಮ ಅವನಿಗೂ ಗೊತ್ತಿತ್ತು. ಆದರೂ ಹೆಂಡತಿ ಹಳೆಯ ಸಿಟ್ಟಿನಿಂದಲೇ ಮುಚ್ಚಿಡುತ್ತಿದ್ದಾಳೆ ಎಂಬ ಗುಮಾನಿ ಅವನನ್ನು ಬಿಡಲಿಲ್ಲ. ತಾಯಿಯ ವರ್ಷದ ಪೂಜೆಯ ದಿನ ನೆಂಟರೆದುರೇ ಅಂದುಬಿಟ್ಟ: "ನಮ್ಮವ್ವ ಸತ್ತರೂ ನಿನ್ನ ಸಿಟ್ಟು ಸಾಯಲಿಲ್ಲ."

ಲೂರ್ದವ್ವ ಕೈಯಲ್ಲಿದ್ದ ತಾಟನ್ನು ಕೆಳಗಿಟ್ಟಳು. ಅತ್ತೆ ಆಡಿದ ಒಂದೇ ಒಂದು ಮಾತು ಹೇಳಿದ್ದರೂ ಗಂಡ ತಣ್ಣಗಾಗುತ್ತಿದ್ದ.

"ಹೌದ್ರಿ, ತಪ್ಪು ನಂದs" ಎಂದಷ್ಟೇ ಹೇಳಿ, ಮತ್ತೆ ಬಡಿಸತೊಡಗಿದಳು. ಇನ್ನಾಸಪ್ಪ ಆ ಮಾತನ್ನು ಸಿಟ್ಟಿನಿಂದ ಮುಚ್ಚಿಟ್ಟದ್ದರ ಒಪ್ಪಿಗೆಯೆಂದೇ ತಿಳಿದ. ಕೊನೆಯವರೆಗೂ ಹಾಗೇ ತಿಳಿದಿದ್ದ.